ಬಿಡಿಭಾಗದ ವಿದ್ಯೆ ಮತ್ತು ಕಾಯಕಶಿಕ್ಷಣ

ಹನ್ನೆರಡನೆಯ ಶತಮಾನದ ಶರಣರು ಕನ್ನಡ ನಾಡಿಗೆ ನೀಡಿದ ಕೊಡುಗೆಗಳಲ್ಲಿ ಕಾಯಕತತ್ತ್ವವು ಅಗ್ರಗಣ್ಯವಾದುದೆಂಬುದು ಸರ್ವವಿದಿತ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು; ಬಾಚಿಕಾಯಕದ ಬಸವಯ್ಯನವರು ಮರ ಕೆತ್ತಿದರು; ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಅದೇ ಕೈಗಳು ವಚನಗಳನ್ನೂ ರಚಿಸಿದವು. ದುಡಿಯುವವನು ಬೇರೆ, ಚಿಂತಿಸುವವನು ಬೇರೆ ಎಂಬ ಬಹುಕಾಲದ ಭೇದವನ್ನು ಶರಣರು ಉಪದೇಶದಿಂದ ಮಾತ್ರವಲ್ಲದೆ ತಮ್ಮ ಬಾಳಿನಿಂದಲೇ ಅಳಿಸಿದರು. ಈ ಪರಂಪರೆಯ ಮಡಿಲಲ್ಲಿ ಬೆಳೆದ ವಿದ್ಯಾಸಂಸ್ಥೆಗಳು ಆ ಭೇದವು ಹೊಸ ವೇಷ ತೊಟ್ಟು ಮರಳಿ ಬಾರದಂತೆ ಎಚ್ಚರ ವಹಿಸಬೇಕಾದುದು ಸಹಜ ಧರ್ಮ. ಇಂದು ಆ ಭೇದವು ಗಣಕಯಂತ್ರದ ಪರದೆಯ ಮುಖಾಂತರ ಶಾಲೆಯ ಬಾಗಿಲಿಗೆ ಬಂದು ನಿಂತಿದೆ.

ವಿಷಯವು ಮೇಲುನೋಟಕ್ಕೆ ಅತಿ ಚಿಕ್ಕದು. ಅಂಗೈಯಗಲದ ಒಂದು ಲೋಹದ ಬಿಡಿಭಾಗ ಬೇಕಾಗುತ್ತದೆ. ಅದು ಪ್ರಯೋಗಶಾಲೆಯ ಉಪಕರಣದ ಮುರಿದ ಹಿಡಿಕೆಯಾಗಿರಬಹುದು, ಕೈಮಗ್ಗದ ಸವೆದ ಕೊಂಡಿಯಾಗಿರಬಹುದು, ಬಿತ್ತನೆಯ ಯಂತ್ರದ ಬೀಜದ ತಟ್ಟೆಯಾಗಿರಬಹುದು. ಅಂಗಡಿಯಲ್ಲಿ ಅದು ಸಿಗದು. ಸಾವಿರ ತಯಾರಿಸುವ ಕಾರ್ಖಾನೆ ಒಂದನ್ನು ತಯಾರಿಸಲು ಒಪ್ಪದು. ಹಿಂದೆ ಇಂತಹ ಸಂದರ್ಭದಲ್ಲಿ ಊರ ಕಮ್ಮಾರನೇ ಗತಿ. ಮುರಿದ ತುಂಡನ್ನು ಅವನ ಮುಂದಿಟ್ಟರೆ ಅಳತೆ ಅವನ ಕಣ್ಣಿಗೆ, ಆಕಾರ ಅವನ ಕೈಗೆ ತಾನಾಗಿಯೇ ಒದಗುತ್ತಿತ್ತು. ಇಂದು ಹತ್ತನೆಯ ತರಗತಿಯ ಬಾಲಕಿಯೊಬ್ಬಳು ಗಣಕಯಂತ್ರದಲ್ಲಿ ಆ ಭಾಗದ ರೇಖಾಚಿತ್ರವನ್ನು ಬರೆದು, ಅದರ ಕಡತವನ್ನು ನಗರದ ಕಾರ್ಯಾಗಾರಕ್ಕೆ ಕಳುಹಿಸಿದರೆ, ಅಲ್ಲಿನ ಲೇಸರ್ ಕಿರಣವು ಕೆಲವೇ ನಿಮಿಷಗಳಲ್ಲಿ ಉಕ್ಕಿನ ತಗಡಿನಿಂದ ಅದನ್ನು ಕತ್ತರಿಸಿ ಕೊಡಬಲ್ಲದು. ಒಂದೇ ಒಂದು ಬೇಕೆಂದರೂ ಅಡ್ಡಿಯಿಲ್ಲ. ಅಚ್ಚು ಬೇಡ, ಎರಕ ಬೇಡ, ರೇಖೆಯೊಂದಿದ್ದರೆ ಸಾಕು.

ಈ ಸೌಲಭ್ಯದ ಹಿಂದೆ ಹಲವು ದಶಕಗಳ ಸಾಧನೆಯಿದೆ. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ರಂಧ್ರ ಕೊರೆದ ಕಾಗದದ ಪಟ್ಟಿಯ ಅಂಕಿಗಳನ್ನು ಅನುಸರಿಸಿ ಲೋಹವನ್ನು ಕಡೆಯುವ ಯಂತ್ರವನ್ನು ಪ್ರದರ್ಶಿಸಲಾಯಿತು. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. 1964ರಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ರೂಪಿಸಿದ ವಿಜ್ಞಾನಿ ಕುಮಾರ್ ಪಟೇಲರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿ, ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತವರೆಂಬುದು ಭಾರತೀಯರಿಗೆ ಅಭಿಮಾನದ ಸಂಗತಿ. 1967ರಲ್ಲಿ ಇಂಗ್ಲೆಂಡಿನಲ್ಲಿ ಲೇಸರ್ ಕಿರಣದೊಡನೆ ಆಮ್ಲಜನಕವನ್ನು ಊದಿ ಉಕ್ಕಿನ ತಗಡನ್ನು ಕತ್ತರಿಸಲಾಯಿತು. 1982ರಲ್ಲಿ ಆಟೋಕ್ಯಾಡ್ ಎಂಬ ತಂತ್ರಾಂಶದೊಡನೆ ರೇಖಾಚಿತ್ರಗಳ ವಿನಿಮಯಕ್ಕೆಂದು ರೂಪುಗೊಂಡ ಡಿ.ಎಕ್ಸ್.ಎಫ್. ಕಡತವು ಇಂದಿಗೂ ಇಂತಹ ಕಾರ್ಯಾಗಾರಗಳ ವಾಡಿಕೆಯ ಭಾಷೆಯಾಗಿ ಉಳಿದಿದೆ. ಕರ್ನಾಟಕವೂ ಈ ಕ್ಷೇತ್ರಕ್ಕೆ ಹೊಸದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. 1962ರಲ್ಲಿ ಅಲ್ಲಿಯೇ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆಯೂ, 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಆರಂಭಗೊಂಡವು. ಇಂದು ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಲೋಹದ ಕೆಲಸವೇ ಅನೇಕ ಕುಟುಂಬಗಳ ಜೀವನಾಧಾರವಾಗಿದೆ.

ಈ ಬೆಳವಣಿಗೆಯನ್ನು ಕಂಡು ವಿದ್ಯಾಭಿಮಾನಿಗಳಲ್ಲಿ ಎರಡು ವಿಧದ ಅಭಿಪ್ರಾಯಗಳು ಮೂಡುವುದುಂಟು. ಅಂತಹ ಯಂತ್ರವೊಂದನ್ನು ಶಾಲೆಗೇ ತಂದು ನಿಲ್ಲಿಸಿದರೆ ಮಕ್ಕಳು ಕಾಲಕ್ಕೆ ತಕ್ಕವರಾಗುತ್ತಾರೆಂದು ಕೆಲವರು ಬಗೆಯುತ್ತಾರೆ. ಯಂತ್ರವೇ ಎಲ್ಲವನ್ನೂ ಮಾಡಿದರೆ ಕೈಗೆ ಕೆಲಸವೇ ಉಳಿಯದು, ಗರಗಸ ಮತ್ತು ಅರಗಳೇ ಶಾಲೆಗೆ ಸಾಕು ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಬಿಡಿಭಾಗವೊಂದು ನಿಜವಾಗಿ ಹೇಗೆ ಸಿದ್ಧವಾಗುತ್ತದೆಂಬುದನ್ನು ಎರಡೂ ಪಕ್ಷಗಳು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಅದನ್ನು ಒಂದು ಉದಾಹರಣೆಯಿಂದ ಪರಿಶೀಲಿಸುವುದು ಉಚಿತ.

ರೈತರ ಮಕ್ಕಳೇ ಹೆಚ್ಚಾಗಿ ಕಲಿಯುವ ಗ್ರಾಮೀಣ ಪ್ರೌಢಶಾಲೆಗೆ ಬೀಜದ ತಟ್ಟೆಗಿಂತ ಒಳ್ಳೆಯ ಪಾಠವಸ್ತು ದೊರೆಯುವುದು ಕಷ್ಟ. ಬಿತ್ತುವ ಯಂತ್ರದಲ್ಲಿ ಬೀಜದ ಪೆಟ್ಟಿಗೆಯ ತಳದಲ್ಲಿ ಓರೆಯಾಗಿ ತಿರುಗುವ ಈ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕಚ್ಚುಗಳಿರುತ್ತವೆ. ಪ್ರತಿಯೊಂದು ಕಚ್ಚು ಒಂದೊಂದು ಬೀಜವನ್ನು ಎತ್ತಿಕೊಂಡು ಹೋಗಿ ಕೊಳವೆಗೆ ಬೀಳಿಸುತ್ತದೆ. ಬೀಜ ಬದಲಾದರೆ ತಟ್ಟೆಯೂ ಬದಲಾಗಬೇಕು. ಮೆಕ್ಕೆಜೋಳಕ್ಕೆ ಹೊಂದುವ ತಟ್ಟೆ ಶೇಂಗಾಕ್ಕೆ ಹೊಂದದು. ಒಂದೇ ಬೆಳೆಯ ಬೇರೆ ಬೇರೆ ತಳಿಗಳಲ್ಲಿಯೂ ಬೀಜದ ಗಾತ್ರ ಒಂದೇ ಆಗಿರದು.

ಈ ತಟ್ಟೆಯನ್ನು ಬರೆಯಲು ವಿದ್ಯಾರ್ಥಿಯು ಮೊದಲು ಗಣಕಯಂತ್ರದ ಮುಂದೆ ಕುಳಿತುಕೊಳ್ಳುವಂತಿಲ್ಲ. ಬೀಜದ ಚೀಲದ ಮುಂದೆ ಕುಳಿತುಕೊಳ್ಳಬೇಕು. ಇಪ್ಪತ್ತೈದು ಬೀಜಗಳನ್ನು ಆಯ್ದು ಒಂದೊಂದರ ಉದ್ದ, ಅಗಲ, ದಪ್ಪಗಳನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಬರೆದಿಡಬೇಕು. ಅತಿ ದೊಡ್ಡ ಬೀಜದ ಅಳತೆ 10 ಮಿ.ಮೀ. ಎಂದಾದರೆ ಕಚ್ಚಿನ ಅಳತೆ ಅದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚಿ 11 ಮಿ.ಮೀ. ಆಗಬೇಕು. ಇನ್ನೂ ಹಿರಿದಾದರೆ ಎರಡು ಬೀಜ ಒಮ್ಮೆಗೇ ಬೀಳುತ್ತವೆ. ಕಿರಿದಾದರೆ ಬೀಜ ಸಿಕ್ಕಿಕೊಂಡು ಒಡೆಯುತ್ತದೆ. ತಗಡಿನ ದಪ್ಪವನ್ನು ಬೀಜದ ದಪ್ಪವೇ ನಿರ್ಧರಿಸುತ್ತದೆ. ಬಳಿಕ ಕಚ್ಚುಗಳ ಸಂಖ್ಯೆಯ ಲೆಕ್ಕ. ಯಂತ್ರದ ಚಕ್ರದ ಸುತ್ತಳತೆ 150 ಸೆಂ.ಮೀ. ಇದ್ದು, ಚಕ್ರವು ಎರಡು ಸುತ್ತು ತಿರುಗಿದಾಗ ತಟ್ಟೆಯು ಒಂದು ಸುತ್ತು ತಿರುಗುವುದಾದರೆ, ಅಷ್ಟರಲ್ಲಿ ಯಂತ್ರವು 300 ಸೆಂ.ಮೀ. ದೂರ ಸಾಗಿರುತ್ತದೆ. ಸಾಲಿನಲ್ಲಿ 20 ಸೆಂ.ಮೀ.ಗೆ ಒಂದು ಬೀಜ ಬೀಳಬೇಕಾದರೆ ಹದಿನೈದು ಕಚ್ಚುಗಳು ಬೇಕು. ಹೊಲದ ಮಣ್ಣಿನಲ್ಲಿ ಚಕ್ರ ಕೊಂಚ ಜಾರುವುದರಿಂದ ಅಂತರವು ಸ್ವಲ್ಪ ಹೆಚ್ಚುತ್ತದೆಂಬುದನ್ನು ಲೆಕ್ಕದ ಪುಸ್ತಕಕ್ಕಿಂತ ಮೊದಲೇ ರೈತನ ಮಗನು ಬಲ್ಲನು. ಇಷ್ಟು ಆದ ಮೇಲೆ ಮಾತ್ರ ರೇಖೆ ಎಳೆಯುವ ಮಾತು. ಗಣಿತ, ಭೌತವಿಜ್ಞಾನ ಮತ್ತು ಕೃಷಿಯ ಅನುಭವಗಳು ಇಲ್ಲಿ ಒಂದೇ ತಟ್ಟೆಯಲ್ಲಿ ಕೂಡಿವೆ.

ರೇಖೆ ಎಳೆಯುವುದರಲ್ಲಿಯೂ ಕಲಿಯಬೇಕಾದ ಶಿಸ್ತು ಸಾಕಷ್ಟಿದೆ. ಕಾಗದದ ಮೇಲಿನ ಗೆರೆಗೆ ಅಗಲವಿದ್ದರೂ ಬಾಧೆಯಿಲ್ಲ. ಲೋಹವನ್ನು ಕತ್ತರಿಸುವ ಕಿರಣದ ಗೆರೆಗೆ ಮಾತ್ರ ಅಗಲವಿರುವುದನ್ನು ಮರೆಯುವಂತಿಲ್ಲ. ಅದು 0.1ರಿಂದ 0.3 ಮಿ.ಮೀ.ನಷ್ಟು ಲೋಹವನ್ನು ಕರಗಿಸಿ ನುಂಗುತ್ತದೆ. ಅದಕ್ಕೆ ಅವಕಾಶ ಕಲ್ಪಿಸದಿದ್ದರೆ ತಟ್ಟೆ ಕಿರಿದಾಗುತ್ತದೆ, ರಂಧ್ರ ಹಿರಿದಾಗುತ್ತದೆ. ಈ ಅವಕಾಶವನ್ನು ಕಾರ್ಯಾಗಾರದವರು ಕಲ್ಪಿಸುವರೋ, ಚಿತ್ರ ಬರೆದವರೇ ಕಲ್ಪಿಸಬೇಕೋ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. 6 ಮಿ.ಮೀ. ಬೋಲ್ಟಿಗೆ 6 ಮಿ.ಮೀ. ರಂಧ್ರವನ್ನೇ ಬರೆದರೆ ಬೋಲ್ಟು ಒಳಹೋಗದು; 6.6 ಮಿ.ಮೀ. ಬರೆಯುವುದು ರೂಢಿ. ರಂಧ್ರದ ವ್ಯಾಸವು ತಗಡಿನ ದಪ್ಪಕ್ಕಿಂತ ಕಡಿಮೆಯಾಗಬಾರದೆಂಬುದು ಕಾರ್ಯಾಗಾರಗಳ ಅನುಭವಸೂತ್ರ. ಒಂದರ ಮೇಲೊಂದು ಎರಡು ಗೆರೆಗಳು ಬಿದ್ದಿದ್ದರೆ ಕಣ್ಣಿಗೆ ಒಂದೇ ಕಾಣುತ್ತದೆ, ಯಂತ್ರವು ಎರಡು ಬಾರಿ ಕತ್ತರಿಸುತ್ತದೆ. ಗೆರೆಯ ತುದಿಗಳು ಕೂಡದೆ ಕೂದಲೆಳೆಯಷ್ಟು ಬಿಟ್ಟಿದ್ದರೆ ಆಕಾರವೇ ಪೂರ್ಣವಾಗದು. ಕಡತದಲ್ಲಿ ಅಂಕಿಗಳಿದ್ದು ಮಾನವನ್ನು ನಮೂದಿಸದಿದ್ದರೆ ಅಂಗುಲದ ಚಿತ್ರವನ್ನು ಮಿಲಿಮೀಟರೆಂದು ಓದಿ, ಇಪ್ಪತ್ತೈದು ಪಟ್ಟಿಗೂ ಮಿಕ್ಕಿ ಕಿರಿದಾದ ವಸ್ತುವನ್ನು ಕತ್ತರಿಸಿಬಿಡುವ ಸಂಭವವೂ ಇದೆ.

ಕನ್ನಡದ ಅಕ್ಷರಗಳೇ ಈ ವಿಷಯದಲ್ಲಿ ಒಳ್ಳೆಯ ಗುರುಗಳು. ತಗಡಿನಲ್ಲಿ ಅಕ್ಷರಗಳನ್ನು ಟೊಳ್ಳಾಗಿ ಕೊರೆಸಿ ನಾಮಫಲಕ ಮಾಡಿಸಬೇಕೆಂದು ‘ಮಠ’ ಎಂಬ ಪದವನ್ನು ಬರೆದು ಕಳುಹಿಸಿದರೆ, ‘ಠ’ ಅಕ್ಷರದ ವೃತ್ತವನ್ನು ಕಿರಣವು ಸುತ್ತಿ ಬಂದೊಡನೆ ಅದರ ನಡುವಿನ ಭಾಗ ಕಳಚಿ ಕೆಳಗೆ ಬೀಳುತ್ತದೆ. ಫಲಕದಲ್ಲಿ ದುಂಡನೆಯ ದೊಡ್ಡ ತೂತು ಮಾತ್ರ ಉಳಿಯುತ್ತದೆ. ಅಕ್ಷರಗಳನ್ನೇ ಬಿಡಿಬಿಡಿಯಾಗಿ ಕತ್ತರಿಸಿದರೆ ಮೇಲಿನ ಅಕ್ಷರಕ್ಕೆ ತಗಲದಿರುವ ಒತ್ತಕ್ಷರಗಳು ಬೇರೆಯಾಗಿ ಚದುರುತ್ತವೆ. ಆದುದರಿಂದ ಅಲ್ಲಲ್ಲಿ ಸಣ್ಣ ಸೇತುವೆಗಳನ್ನು ಬರೆಯಬೇಕು; ಎಲ್ಲಿ ಬರೆದರೆ ಅಕ್ಷರದ ಅಂದ ಕೆಡದೆಂಬುದನ್ನು ಯೋಚಿಸಬೇಕು. ಯಂತ್ರವು ಗೆರೆಯನ್ನು ಅನುಸರಿಸಬಲ್ಲದೇ ಹೊರತು ಗೆರೆಯ ಅರ್ಥವನ್ನು ಅರಿಯಲಾರದು.

ಕತ್ತರಿಸಿದ ಬಳಿಕವೂ ಕೆಲಸ ಮುಗಿಯುವುದಿಲ್ಲ. ತೀರ ಚಿಕ್ಕ ಭಾಗಗಳು ಕತ್ತರಿಸುವ ಮೇಜಿನ ಪಟ್ಟಿಗಳ ಸಂದಿನಲ್ಲಿ ಬಿದ್ದುಹೋಗದಂತೆ ಅವುಗಳನ್ನು ಸುತ್ತಲಿನ ತಗಡಿಗೆ ಅಂಟಿಸಿಡುವ ಸೂಕ್ಷ್ಮ ಬೆಸುಗೆಯಂತಹ ತುಣುಕುಗಳನ್ನು ಉದ್ದೇಶಪೂರ್ವಕವಾಗಿ ಕತ್ತರಿಸದೆ ಬಿಡುತ್ತಾರೆ. ಭಾಗವನ್ನು ಮುರಿದು ತೆಗೆದಾಗ ಅಲ್ಲೊಂದು ಮುಳ್ಳು ಉಳಿಯುತ್ತದೆ; ಅದನ್ನು ಅರದಿಂದ ಉಜ್ಜಿ ನಯಗೊಳಿಸಬೇಕು. ಆಮ್ಲಜನಕ ಊದಿ ಕತ್ತರಿಸಿದ ಉಕ್ಕಿನ ಅಂಚಿನಲ್ಲಿ ಕಪ್ಪು ಪೊರೆ ಕಟ್ಟಿರುತ್ತದೆ. ಅದನ್ನು ತೆಗೆಯದೆ ಬಣ್ಣ ಬಳಿದರೆ ಬಣ್ಣ ಸುಲಿದು ಬರುತ್ತದೆ. ತಿರುಪಿನ ಎಳೆಗಳನ್ನು ಕಿರಣವು ಕೊರೆಯಲಾರದು; ಟ್ಯಾಪಿನಿಂದ ಕೊರೆಯಬೇಕು. ಅಂಚುಗಳ ಮುಳ್ಳು ಉಳಿದರೆ ಬೀಜದ ಸಿಪ್ಪೆ ಹರಿಯುತ್ತದೆ; ನಡುವಿನ ರಂಧ್ರ ಬಿಗಿಯಾದರೆ ತಟ್ಟೆ ತಿರುಗದು. ಕಮ್ಮಾರನ ಕುಲುಮೆಯಲ್ಲಿ ಒಬ್ಬನೇ ಮಾಡುತ್ತಿದ್ದ ಕೆಲಸವು ಇಲ್ಲಿ ಮೂರು ಪಾಲಾಗಿದೆ. ಮೊದಲಿನದು ಅಳತೆ ಮತ್ತು ರೇಖೆ, ನಡುವಿನದು ಕತ್ತರಿಸುವಿಕೆ, ಕೊನೆಯದು ಅರದ ಕೆಲಸ ಮತ್ತು ಜೋಡಣೆ. ಯಂತ್ರವು ವಹಿಸಿಕೊಂಡದ್ದು ನಡುವಿನ ಪಾಲನ್ನು ಮಾತ್ರ.

ಅಪಾಯವಿರುವುದು ಈ ಹಂಚಿಕೆಯಲ್ಲಿಯೇ. ರೇಖೆ ಎಳೆಯುವವನು ತಂಪಾದ ಕೋಣೆಯಲ್ಲಿ ಕುಳಿತು ತನ್ನನ್ನು ವಿನ್ಯಾಸಕಾರನೆಂದು ಕರೆದುಕೊಳ್ಳುತ್ತಾನೆ; ಅರ ಹಿಡಿದವನು ಕೇವಲ ಕೂಲಿಯಾಗಿ ಉಳಿಯುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದೇ ಇಲ್ಲ. ಪರದೆಯ ಮೇಲೆ ತಪ್ಪು ಗೆರೆ ಎಳೆದವನಿಗೆ ಅದರ ಕಷ್ಟ ತಟ್ಟದು. ತಟ್ಟುವುದು ಹೊಂದದ ಭಾಗವನ್ನು ಹೊಂದಿಸಲು ಬೆವರು ಸುರಿಸುವವನಿಗೆ. ಜಾತಿಯ ಹೆಸರಿನಲ್ಲಿ ಒಮ್ಮೆ ನೆಲೆಗೊಂಡಿದ್ದ, ಶರಣರು ತಮ್ಮ ಬಾಳನ್ನೇ ಒತ್ತೆಯಿಟ್ಟು ಎದುರಿಸಿದ ಮೇಲುಕೀಳಿನ ಭಾವನೆಯು ವಿದ್ಯಾರ್ಹತೆಯ ಹೆಸರಿನಲ್ಲಿ ಹೀಗೆ ಪುನಃ ಚಿಗುರುತ್ತದೆ. ಮಠದ ಶಾಲೆಯೊಂದು ತನ್ನ ಮಕ್ಕಳಿಗೆ ಗಣಕಯಂತ್ರದ ಚಿತ್ರಕಲೆಯನ್ನು ಕಲಿಸಿ ಅಲ್ಲಿಗೇ ನಿಂತರೆ, ಅದು ಅರಿಯದೆಯೇ ಈ ಭೇದಕ್ಕೆ ನೀರೆರೆದಂತಾಗುತ್ತದೆ. ಆದುದರಿಂದ ಒಂದು ನಿಯಮ ಅವಶ್ಯಕ: ರೇಖೆ ಎಳೆದ ಮಗುವೇ ಅರ ಹಿಡಿಯಬೇಕು, ತನ್ನ ಭಾಗವನ್ನು ತಾನೇ ಅಳೆದು, ಉಜ್ಜಿ, ಜೋಡಿಸಿ, ತಪ್ಪಿದ್ದರೆ ಮತ್ತೆ ರೇಖೆಗೆ ಮರಳಬೇಕು. ಈ ಆವರ್ತವು ಪೂರ್ಣಗೊಂಡಾಗ ಮಾತ್ರ ಅದು ಕಾಯಕಶಿಕ್ಷಣ.

ಹಾಗಾದರೆ ಯಂತ್ರವನ್ನೇ ಶಾಲೆಗೆ ತರಬಾರದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ದಾನಿಗಳ ಔದಾರ್ಯ ಪ್ರಶಂಸನೀಯವೇ ಸರಿ. ಆದರೆ ಉಕ್ಕನ್ನು ಕತ್ತರಿಸುವ ಲೇಸರ್ ಯಂತ್ರವು ಶಾಲೆಯ ವಸ್ತುವಲ್ಲ. ಅದರ ಕಿರಣ ಕಣ್ಣಿಗೆ ಕಾಣದು, ಆದರೆ ಕ್ಷಣಮಾತ್ರದಲ್ಲಿ ಕಣ್ಣನ್ನು ಕೆಡಿಸಬಲ್ಲದು. ಅದಕ್ಕೆ ಸ್ಥಿರವಾದ ವಿದ್ಯುತ್ತು, ಒತ್ತಡದ ಅನಿಲ, ತಂಪುಗೊಳಿಸುವ ವ್ಯವಸ್ಥೆ, ಹೊಗೆ ಹೊರಹಾಕುವ ಏರ್ಪಾಡು ಮತ್ತು ಪರಿಣತ ಕೆಲಸಗಾರ ಬೇಕು. ದಿನವಿಡೀ ದುಡಿದರೆ ಮಾತ್ರ ತನ್ನ ವೆಚ್ಚವನ್ನು ತೀರಿಸುವ ಯಂತ್ರವದು. ಶಾಲೆಯ ಅಗತ್ಯವು ವರ್ಷಕ್ಕೆ ಕೆಲವು ಗಂಟೆಗಳಷ್ಟು. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡ ಉಪಕರಣವು ಬಿಡಿಭಾಗ ದೊರೆಯದೆ, ನಡೆಸುವವರಿಲ್ಲದೆ ಬಟ್ಟೆ ಹೊದ್ದು ನಿಲ್ಲುವ ದೃಶ್ಯ ನಾಡಿನ ಶಾಲಾಕಾಲೇಜುಗಳಿಗೆ ಅಪರಿಚಿತವಲ್ಲ.

ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದಲ್ಲಿ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆ ಪ್ರಸಿದ್ಧ. ಬೇಕಾದಷ್ಟೇ ಸಾಕೆಂಬ ಆ ವಿವೇಕವು ಉಪಕರಣಗಳ ಸಂಗ್ರಹಕ್ಕೂ ಅನ್ವಯಿಸುತ್ತದೆ. ಶಾಲೆಗೆ ಬೇಕಾದುದು ಗಟ್ಟಿಯಾದ ಕೆಲಸದ ಮೇಜು, ಇಕ್ಕುಳಗಳು, ಬಗೆಬಗೆಯ ಅರಗಳು, ಮಗುವಿಗೊಂದರಂತೆ ಅಲ್ಲದಿದ್ದರೂ ಇಬ್ಬರಿಗೊಂದರಂತೆ ವರ್ನಿಯರ್ ಕ್ಯಾಲಿಪರುಗಳು, ಮೂಲೆಮಟ್ಟ, ಕೊರೆಯುವ ಯಂತ್ರ, ಟ್ಯಾಪುಗಳು, ಕಣ್ಣಿನ ರಕ್ಷಣೆಯ ಕನ್ನಡಕಗಳು ಮತ್ತು ಕೆಲವು ಸಾಧಾರಣ ಗಣಕಯಂತ್ರಗಳು. ಚಿತ್ರವನ್ನು ನಿಜವಾದ ಅಳತೆಯಲ್ಲಿಯೇ ಕಾಗದದ ಮೇಲೆ ಮುದ್ರಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿ, ಸ್ಥಳದಲ್ಲಿಟ್ಟು ನೋಡಿದರೆ ಬಹುಪಾಲು ತಪ್ಪುಗಳು ಲೋಹಕ್ಕೆ ತಲುಪುವ ಮೊದಲೇ ಬೆಳಕಿಗೆ ಬರುತ್ತವೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಲೋಹವನ್ನು ಕತ್ತರಿಸಿಕೊಡುವ ಹೊಣೆಯನ್ನು ಹಳೆಯ ವಿದ್ಯಾರ್ಥಿಗಳು ವಹಿಸಬಹುದು. ಮಠದ ಶಾಲೆಗಳಲ್ಲಿ ಕಲಿತು ಕೈಗಾರಿಕಾ ಪ್ರದೇಶಗಳಲ್ಲಿ ಸ್ವಂತ ಕಾರ್ಯಾಗಾರ ನಡೆಸುವವರು, ಅಲ್ಲಿ ಮೇಲ್ವಿಚಾರಕರಾಗಿರುವವರು ಇರುವುದು ಸಹಜ. ಒಂದೇ ಒಂದು ಚಿಕ್ಕ ಭಾಗಕ್ಕಾಗಿ ಹೊಸ ತಗಡನ್ನು ಏರಿಸುವುದು ಕಾರ್ಯಾಗಾರಕ್ಕೆ ನಷ್ಟದ ಬಾಬತ್ತು. ಆದರೆ ದೊಡ್ಡ ಕೆಲಸಗಳ ನಡುವೆ ಉಳಿಯುವ ತುಂಡು ತಗಡುಗಳು ಗುಜರಿಗೆ ಹೋಗುತ್ತವೆ. ಅಂತಹ ತುಂಡಿನಲ್ಲಿ ಐದಾರು ಮಕ್ಕಳ ಭಾಗಗಳನ್ನು ಒತ್ತೊತ್ತಾಗಿ ಹೊಂದಿಸಿದರೆ ವಸ್ತುವಿನ ವೆಚ್ಚ ಬಹುಮಟ್ಟಿಗೆ ಇಲ್ಲವಾಗುತ್ತದೆ. ತಿಂಗಳಿಗೊಮ್ಮೆ ಯಂತ್ರದ ಅರ್ಧ ಗಂಟೆಯನ್ನೂ ಕೆಲವು ತುಂಡು ತಗಡುಗಳನ್ನೂ ಶಾಲೆಗಾಗಿ ಮೀಸಲಿಡುವುದು ಈ ಕಾಲದ ದಾಸೋಹವೆನಿಸಬಲ್ಲದು. ಅದಕ್ಕಿಂತ ಮಿಗಿಲಾಗಿ, ವರ್ಷಕ್ಕೊಮ್ಮೆ ಮಕ್ಕಳನ್ನು ಕಾರ್ಯಾಗಾರಕ್ಕೆ ಬರಮಾಡಿಕೊಂಡು, ಸುರಕ್ಷಿತ ದೂರದಲ್ಲಿ ನಿಲ್ಲಿಸಿ, ಯಂತ್ರ ನಡೆಸುವ ಕೆಲಸಗಾರನಿಂದಲೇ ಅವರ ರೇಖಾಚಿತ್ರಗಳ ಗುಣದೋಷಗಳನ್ನು ಹೇಳಿಸಬೇಕು. ಐ.ಟಿ.ಐ. ಕಲಿತ ಆ ಯುವಕನು ಅಂದು ಗುರುಸ್ಥಾನದಲ್ಲಿ ನಿಲ್ಲುತ್ತಾನೆ. ಅವನನ್ನು ಮಕ್ಕಳು ಗೌರವದಿಂದ ಪ್ರಶ್ನಿಸುವುದನ್ನು ಕಲಿಯುತ್ತಾರೆ.

ಇಂತಹ ಪ್ರಯತ್ನಗಳಿಗೆ ಪೂರ್ವನಿದರ್ಶನಗಳಿಲ್ಲದಿಲ್ಲ. ಕೈಕೆಲಸದ ಮೂಲಕ ಶಿಕ್ಷಣವೆಂಬ ಗಾಂಧೀಜಿಯವರ ವಿಚಾರವು 1937ರ ವಾರ್ಧಾ ಸಮ್ಮೇಳನದಲ್ಲಿ ಚರ್ಚಿತವಾಯಿತು. ಪುಣೆ ಜಿಲ್ಲೆಯ ಪಾಬಳ ಗ್ರಾಮದಲ್ಲಿ ಡಾ. ಎಸ್.ಎಸ್. ಕಲಬಾಗ್ ಅವರು 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮವು ಗ್ರಾಮದ ನಿಜವಾದ ಕೆಲಸಗಳನ್ನೇ ಪಾಠವನ್ನಾಗಿಸಿತು. 2002ರಲ್ಲಿ ಅಲ್ಲಿ ಗಣಕಚಾಲಿತ ಉಪಕರಣಗಳ ಪ್ರಯೋಗಾಲಯವೂ ತೆರೆಯಿತು. ಮೊದಲು ಕೈಕೆಲಸದ ಸಂಸ್ಕಾರ, ತರುವಾಯ ಗಣಕಚಾಲಿತ ಯಂತ್ರ ಎಂಬ ಆ ಕ್ರಮವೇ ಗಮನಾರ್ಹ. 2016ರಲ್ಲಿ ಕೇಂದ್ರ ಸರ್ಕಾರದ ಅಟಲ್ ಯೋಜನೆಯಡಿ ಶಾಲಾ ಪ್ರಯೋಗಾಲಯಗಳಿಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುವ ಕ್ರಮ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ಭಿನ್ನಾಭಿಪ್ರಾಯಗಳೇನೇ ಇರಲಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನಗಳನ್ನು ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳೊಡನೆ ಕಳೆಯಲೆಂಬ ಅದರ ಸಲಹೆ ಸ್ವಾಗತಾರ್ಹವಾದುದು.

ಕೈಕೆಲಸದ ಪಕ್ಷಪಾತಿಗಳಾದ ಹಿರಿಯ ಶಿಕ್ಷಕರ ಆತಂಕಕ್ಕೂ ಇಲ್ಲಿ ಉತ್ತರವಿದೆ. ಹದಿನೈದು ಸಮನಾದ ಕಚ್ಚುಗಳನ್ನು ಗರಗಸದಿಂದಲೇ ಕೊಯ್ದು ಅರದಿಂದಲೇ ತಿದ್ದಬೇಕೆಂದರೆ ಮಗುವಿನ ಹಲವು ದಿನಗಳು ಆ ಶ್ರಮದಲ್ಲಿಯೇ ಕಳೆದು, ಬೀಜ ಬೀಳುವುದನ್ನು ಕಾಣುವ ಹೊತ್ತಿಗೆ ಉತ್ಸಾಹ ಬತ್ತಿರುತ್ತದೆ. ಒಂದು ಕಚ್ಚನ್ನು ಮಾತ್ರ ಕೈಯಿಂದ ಮಾಡಿಸಲಿ. ಉಕ್ಕಿನ ಗಡಸುತನ ಅಂಗೈಗೆ ತಿಳಿಯಲಿ. ಉಳಿದುದನ್ನು ಯಂತ್ರ ಕತ್ತರಿಸಲಿ. ಹಾಗೆ ಒಮ್ಮೆ ಅರ ಹಿಡಿದ ವಿದ್ಯಾರ್ಥಿಯು ಮುಂದೆ ಇಂಜಿನಿಯರಾದಾಗ, ಕಾರ್ಮಿಕನಿಂದ ಅಸಾಧ್ಯವಾದ ನಯವನ್ನೂ ಅನಗತ್ಯವಾದ ಅಳತೆಯ ಬಿಗಿತವನ್ನೂ ಬಯಸಲಾರನು, ಎಲ್ಲಿ 0.1 ಮಿ.ಮೀ. ಮುಖ್ಯ, ಎಲ್ಲಿ ಒಂದು ಮಿ.ಮೀ. ಕೂಡ ಅಮುಖ್ಯ ಎಂಬ ವಿವೇಕ ಅವನಲ್ಲಿ ಮೂಡಿರುತ್ತದೆ.

ಶತಮಾನಗಳಿಂದ ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಸಿಕೊಂಡು ಬಂದಿರುವ ಮಠಪರಂಪರೆಗೆ ಈ ಕಾರ್ಯ ಹೊರೆಯಾಗದು. ಶಿಕ್ಷಕರು ವಾರದ ವೇಳಾಪಟ್ಟಿಯಲ್ಲಿ ಎರಡು ಅವಧಿಗಳನ್ನು ಇದಕ್ಕಾಗಿ ಬಿಡಿಸಿಕೊಡಲಿ. ದಾನಿಗಳು ತಮ್ಮ ಕಾಣಿಕೆಯನ್ನು ಒಂದು ದೊಡ್ಡ ಯಂತ್ರದ ಬದಲು ಮೇಜು, ಅರ ಮತ್ತು ಅಳತೆಯ ಸಾಧನಗಳಿಗೂ, ಕತ್ತರಿಸುವ ಕೂಲಿಯ ಚಿಕ್ಕ ನಿಧಿಗೂ ವಿನಿಯೋಗಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಕಾರ್ಯಾಗಾರದ ಬಾಗಿಲನ್ನು ತೆರೆಯಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ ಹತ್ತನೆಯ ತರಗತಿ ಮುಗಿಸುವುದರೊಳಗೆ ತಾನೇ ಅಳೆದು, ಬರೆದು, ಉಜ್ಜಿ, ಜೋಡಿಸಿದ ಒಂದು ಭಾಗವಾದರೂ ತನ್ನ ಮನೆಯಲ್ಲೋ ಹೊಲದಲ್ಲೋ ಕೆಲಸ ಮಾಡುತ್ತಿರುವುದನ್ನು ಕಾಣುವಂತಾಗಲಿ. ಮುಂದಿನ ಮುಂಗಾರಿನಲ್ಲಿ ಅಂತಹ ತಟ್ಟೆಯೊಂದು ತಿರುಗಿ, ಸಾಲಿನಲ್ಲಿ ಬೀಜಗಳು ಸಮನಾಗಿ ಬಿದ್ದು ಮೊಳೆತರೆ, ಶಾಲೆಯು ನೀಡಿದ ವಿದ್ಯೆಯನ್ನು ಆ ಹೊಲದ ರೈತನು ತನ್ನ ಕಣ್ಣಿನಿಂದಲೇ ಪರೀಕ್ಷಿಸಿಕೊಳ್ಳಬಲ್ಲನು.